ಚಿಕಿತ್ಸೆ ಉಚಿತ, ಉಳಿದುಕೊಳ್ಳುವುದು ಉಚಿತವಲ್ಲ: ಎಸ್‌ಎನ್‌ಸಿಯು ಬಾಗಿಲಲ್ಲಿ ಕಳೆದ ಎರಡು ತಿಂಗಳು

ಚಿಕ್ಕಪ್ಪನ ಮಗಳ ಕೂಸು ಮೊನ್ನೆ ಕಣ್ಣಿನ ಕೊನೆಯ ತಪಾಸಣೆ ಮುಗಿಸಿಕೊಂಡು ಊರಿಗೆ ಮರಳಿದೆ. ಮೂವತ್ತೊಂದು ವಾರಕ್ಕೇ ಹುಟ್ಟಿದ ಹೆಣ್ಣು ಮಗು. ಹುಟ್ಟಿದಾಗಿನ ತೂಕ 1,340 ಗ್ರಾಂ. ಈಗ ಎರಡು ಕಿಲೋ ದಾಟಿ ಮೇಲೇರುತ್ತಿದೆ. ಈ ಎರಡು ತಿಂಗಳಲ್ಲಿ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ನಾವು ಒದ್ದಾಡಿದ್ದನ್ನೂ, ಆಮೇಲೆ ತಿಳಿದದ್ದನ್ನೂ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಿಂಗಳು ತುಂಬದ ಮಗು ಹುಟ್ಟಿದ್ದರೆ, ಹುಟ್ಟುವ ಸೂಚನೆಯಿದ್ದರೆ, ಇದರಲ್ಲಿ ಬೇಕಾದಷ್ಟನ್ನು ತೆಗೆದುಕೊಳ್ಳಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ಎಂದಷ್ಟೇ ತಿಳಿದುಕೊಂಡರೆ ಸಾಕು.

ನನ್ನ ತಂದೆಗೆ ಬ್ಯಾಂಕಿನಲ್ಲಿ ಜವಾನನ ಕೆಲಸ ಸಿಕ್ಕಿತ್ತು, ಹಾಗಾಗಿ ನಾನು ಓದಿದೆ. ಚಿಕ್ಕಪ್ಪನಿಗೆ ಉಳಿದದ್ದು ಮಳೆ ನಂಬಿದ ಎರಡು ಎಕರೆ. ತಂಗಿ ಎಸ್ಸೆಸ್ಸೆಲ್ಸಿಗೆ ಬಿಟ್ಟಳು, ಹತ್ತೊಂಬತ್ತಕ್ಕೆ ಮದುವೆಯಾಯಿತು, ಸುಗ್ಗಿ ಮುಗಿದ ಮೇಲೆ ಗಂಡನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಳು. ತಗಡಿನ ಶೆಡ್ಡಿನಲ್ಲಿ ವಾಸ. ಊರಿನಲ್ಲಿ ಮಾಡಿಸಿದ ತಾಯಿ ಕಾರ್ಡ್ ಟ್ರಂಕಿನಲ್ಲೇ ಇತ್ತು. ತಪಾಸಣೆಗೆ ಹೋದ ದಿನ ಕೂಲಿ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಹೋಗಿರಲಿಲ್ಲ. ಏಳನೆಯ ತಿಂಗಳಿಗೆ ತವರಿಗೆ ಬಂದಾಗ ಆಶಾ ಕಾರ್ಯಕರ್ತೆ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಎಂಟರ ಆಸುಪಾಸು. ಕಬ್ಬಿಣದ ಇಂಜೆಕ್ಷನ್ ಕೊಡಿಸಬೇಕೆಂದು ದಿನ ಗೊತ್ತುಮಾಡಿದ್ದರು. ಆ ದಿನ ಬರುವ ಮೊದಲೇ ನೋವು ಕಾಣಿಸಿಕೊಂಡಿತು.

108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯರು "ಮಗುವಿಗೆ ಇಲ್ಲಿ ವ್ಯವಸ್ಥೆ ಸಾಲದು, ಜಿಲ್ಲೆಗೆ ಹೋಗಿ" ಎಂದರು. ಆದರೆ ಕಳುಹಿಸುವ ಮುಂಚೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ಕೊಟ್ಟ ಹೊತ್ತನ್ನು ತಾಯಿ ಕಾರ್ಡಿನ ಮೇಲೆ ಬರೆದು ಕಳುಹಿಸಿದರು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಔಷಧಿ ಅದು. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುವಂತೆ ಮಾಡುತ್ತದೆ. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಡೋಸ್ ಕೊಡುತ್ತಾರೆ. ಇಪ್ಪತ್ತನಾಲ್ಕರಿಂದ ಮೂವತ್ತನಾಲ್ಕು ವಾರದೊಳಗೆ ನೋವು ಬಂದರೆ ಇದು ಬೇಕು. ನಮಗೆ ಎರಡು ಡೋಸ್ ಆಗುವಷ್ಟರಲ್ಲಿ ಹೆರಿಗೆಯಾಯಿತು. "ಅಷ್ಟಾದರೂ ಆಯಿತಲ್ಲ, ಅದೇ ಮಗುವನ್ನು ಹಿಡಿದಿದೆ" ಎಂದು ಮಕ್ಕಳ ವೈದ್ಯರು ಆಮೇಲೆ ಹೇಳಿದರು. ಹಾಗಾಗಿ ಅವಧಿಗೆ ಮುಂಚೆ ನೋವು ಬಂದರೆ "ಮಗುವಿನ ಉಸಿರಿನ ಇಂಜೆಕ್ಷನ್ ಕೊಟ್ಟಿದ್ದೀರಾ?" ಎಂದು ದಯವಿಟ್ಟು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೂ ಕೇಳಿ.

ನಾನು ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಬಂದು ತಲುಪುವಷ್ಟರಲ್ಲಿ ಮಗುವನ್ನು ಎಸ್‌ಎನ್‌ಸಿಯು ಒಳಗೆ ಒಯ್ದಿದ್ದರು. ಅನಾರೋಗ್ಯದ ನವಜಾತ ಶಿಶುಗಳ ವಿಶೇಷ ಘಟಕವದು, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇರುತ್ತದೆ. ಊರಿನವರೆಲ್ಲ ಅದನ್ನು "ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕಿಂತ ಚಿಕ್ಕ ಘಟಕವಿರುತ್ತದೆ, ಹೆರಿಗೆ ಕೋಣೆಯಲ್ಲಿ ಬೆಚ್ಚಗಿಡುವ ಒಂದು ಮೂಲೆ ಇರುತ್ತದೆ. ಎರಡು ಕಿಲೋಗಿಂತ ತೀರಾ ಕಡಿಮೆ ತೂಕದ ಮಗುವಾದರೆ ಎಸ್‌ಎನ್‌ಸಿಯು ಇರುವಲ್ಲಿಯೇ ಹೆರಿಗೆಯಾಗುವಂತೆ ನೋಡಿಕೊಳ್ಳುವುದು ಒಳ್ಳೆಯದು. ಹುಟ್ಟಿದ ಮೇಲೆ ಒಯ್ಯುವ ದಾರಿಯಲ್ಲಿ ಮಗು ತಣ್ಣಗಾಗುತ್ತದೆ, ಆ ತಣ್ಣಗಾಗುವುದೇ ಪ್ರಾಣಕ್ಕೆ ಎರವಾಗುತ್ತದೆ. ಒಯ್ಯಲೇಬೇಕಾಗಿ ಬಂದರೆ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳುವುದಕ್ಕಿಂತ, ತಾಯಿಯ ಅಥವಾ ಬೇರೆ ಯಾರದಾದರೂ ಬರಿ ಎದೆಗೆ ಮಗುವನ್ನು ಒತ್ತಿಕೊಂಡು ಮೇಲೆ ಹೊದಿಸಿ, ತಲೆಗೆ ಟೊಪ್ಪಿಗೆ ಹಾಕಿ ಒಯ್ಯಬೇಕು.

ಮೊದಲ ದಿನ ನನಗೆ ಮಗುವನ್ನು ತೋರಿಸಿದ್ದು ಗಾಜಿನಾಚೆಯಿಂದ. ಮೂಗಿಗೆ ಸಿಪ್ಯಾಪ್ ಎಂಬ ಗಾಳಿಯ ಯಂತ್ರ, ಬಾಯಿಗೆ ಹಾಲಿನ ನಳಿಕೆ, ಪಾದಕ್ಕೆ ಕೆಂಪು ದೀಪದ ಪಟ್ಟಿ. ನನ್ನ ಕಿರುಬೆರಳಿನಷ್ಟೂ ದಪ್ಪವಿಲ್ಲದ ತೋಳು. ನನಗೆ ಅಳು ಬರಲಿಲ್ಲ, ಹೆದರಿಕೆಯಿಂದ ಬಾಯಿ ಒಣಗಿತು. ತಂಗಿ ಮಾತ್ರ ಮೇಲಿನ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಅಕ್ಕಾ, ಅದು ಉಳಿಯುತ್ತದೆ ಎಂದು ಯಾರೂ ಹೇಳುತ್ತಿಲ್ಲ" ಎಂದಳು. ಅವಳ ಅತ್ತೆ "ಐದನೆಯ ದಿನ ಶೆಟಿಗೆವ್ವ ಹಣೆಬರಹ ಬರೆಯಲಿ, ಆಮೇಲೆ ನೋಡೋಣ" ಎಂದರು. ಆ ಹಿರಿಯಳ ಮಾತಿನಲ್ಲಿ ಕಲ್ಲುಮನಸ್ಸಿರಲಿಲ್ಲ. ಹೆತ್ತ ಇಬ್ಬರನ್ನು ಮಣ್ಣಿಗೆ ಕೊಟ್ಟವರು ಅವರು. ಆಸೆ ಇಟ್ಟುಕೊಳ್ಳಲು ಅವರಿಗೆ ಧೈರ್ಯ ಸಾಲದು.

ಆ ದಿನವೇ ಸಿಸ್ಟರ್ ಒಬ್ಬರು ಬಂದು "ತಾಯಿ ಎಲ್ಲಿ? ಹಾಲು ಹಿಂಡಿ ತನ್ನಿ" ಎಂದರು. ಮೊದಲ ಹಳದಿ ಹಾಲನ್ನು ಚೆಲ್ಲಬೇಕೆಂದು ಮನೆಯವರು ತಿಳಿದಿದ್ದರು. ಸಿಸ್ಟರ್ ಅದನ್ನು ಒಂದು ಹನಿಯೂ ಚೆಲ್ಲಬಾರದೆಂದು ಗಟ್ಟಿಯಾಗಿ ಹೇಳಿ, ತಂಗಿಯ ಪಕ್ಕದಲ್ಲಿ ಕುಳಿತು ಕೈಯಿಂದ ಹಿಂಡುವುದನ್ನು ಕಲಿಸಿದರು. ಮೊದಲ ಸಲ ಬಟ್ಟಲಿನ ತಳ ಒದ್ದೆಯಾಗುವಷ್ಟೇ ಬಂದದ್ದು. ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಿಂಡಿದರೆ ಮಾತ್ರ ಹಾಲು ಏರುತ್ತದೆ. ಇದಕ್ಕೆ ತಾಯಿ ಅಲ್ಲೇ ಇರಬೇಕು. ನಮ್ಮ ಕಷ್ಟವೆಲ್ಲ ಶುರುವಾದದ್ದು ಇಲ್ಲಿಂದಲೇ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್ 1ರಂದು ಆರಂಭವಾದದ್ದು. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಅನಾರೋಗ್ಯದ ಮಗುವಿಗೂ ಉಚಿತ. ಮೊದಲು ಮೂವತ್ತು ದಿನದವರೆಗೆ ಇದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದ್ದಾರೆ. ತಾಯಿಗೆ ಊಟವೂ ಉಂಟು: ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ತಂಗಿಯದು ಸಹಜ ಹೆರಿಗೆ. ನಾಲ್ಕನೆಯ ದಿನ ಅವಳ ಬಿಡುಗಡೆ ಚೀಟಿ ಬರೆದರು. ಮಗು ಒಳಗೆ, ತಾಯಿ ಹೊರಗೆ. ಹಾಸಿಗೆಯೂ ಇಲ್ಲ, ಊಟವೂ ಇಲ್ಲ. ಹಸಿ ಬಾಣಂತಿ ಎಸ್‌ಎನ್‌ಸಿಯು ಎದುರಿನ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದಳು. ಅವಳೊಬ್ಬಳೇ ಅಲ್ಲ, ಆ ಪಡಸಾಲೆಯಲ್ಲಿ ಸಾಲುಸಾಲಾಗಿ ಬಾಣಂತಿಯರಿದ್ದರು.

ನಾನು ವೈದ್ಯಕೀಯ ಅಧೀಕ್ಷಕರ ಕೋಣೆಗೆ ಹೋಗಿ ಕುಳಿತೆ. ಬೆಳಿಗ್ಗೆ ಹೋದವಳಿಗೆ ಮಧ್ಯಾಹ್ನದ ನಂತರ ಭೇಟಿ ಸಿಕ್ಕಿತು. ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಮರುದಿನ ಬಾಣಂತಿ ವಾರ್ಡಿನ ಕೊನೆಯಲ್ಲಿ ಒಂದು ಮಂಚ ಕೊಟ್ಟರು. ಊಟದ ಪಟ್ಟಿಗೂ ಹೆಸರು ಸೇರಿತು. ಓದು ಬಲ್ಲವಳು ಬಂದು ಕುಳಿತದ್ದರಿಂದ ಸಿಕ್ಕ ಮಂಚ ಅದು. ಪಡಸಾಲೆಯ ಉಳಿದ ಹೆಣ್ಣುಮಕ್ಕಳ ಹೆಸರುಗಳನ್ನೂ ಅದೇ ಅರ್ಜಿಯ ಕೆಳಗೆ ಬರೆದಿದ್ದೆ. ಇಬ್ಬರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ. ನೀವು ಹೋದರೆ ಬಾಯಿಮಾತಿನಲ್ಲಿ ಕೇಳಿ ಹಿಂದಿರುಗಬೇಡಿ, ಬರವಣಿಗೆಯಲ್ಲಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ತಾಯಿಯನ್ನು ಮಗುವಿನ ಹತ್ತಿರ ಇರಿಸುವುದು ಉಪಕಾರವಲ್ಲ, ಅದೂ ಚಿಕಿತ್ಸೆಯೇ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದಲ್ಲಿ ನಡೆದಿತ್ತು. ನಮ್ಮಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟಾಗ, ಮೊದಲು ಯಂತ್ರದಲ್ಲಿಟ್ಟು ಆಮೇಲೆ ತಾಯಿಗೆ ಕೊಟ್ಟ ಮಕ್ಕಳಿಗೆ ಹೋಲಿಸಿದರೆ, ಮೊದಲ ಇಪ್ಪತ್ತೆಂಟು ದಿನಗಳ ಸಾವು ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಹೀಗೆ ಇಡಲು ಹೇಳುತ್ತಿದೆ. ಇದನ್ನೇ ಕಾಂಗರೂ ಆರೈಕೆ ಅನ್ನುವುದು. ದೂರದ ಮಾತೂ ಅಲ್ಲ: ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸರ್ಕಾರದ ಜೊತೆಗೂಡಿ ಇದನ್ನು ಜಿಲ್ಲೆಯಾದ್ಯಂತ ಮಾಡಿ ತೋರಿಸಿದ್ದಾರೆ. ಬೇಕಾದದ್ದು ಒಂದು ಕುರ್ಚಿ, ಒಂದು ಬಟ್ಟೆ, ಅಲ್ಲೇ ಇರಬಲ್ಲ ತಾಯಿ. ಆ ಮೂರನೆಯದಕ್ಕೇ ಬಡವರ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ.

ಖರ್ಚಿನ ಮಾತು ಹೇಳಿಬಿಡುತ್ತೇನೆ. ಆಸ್ಪತ್ರೆಗೆಂದು ನಾವು ಕಟ್ಟಿದ ಶುಲ್ಕ ಸೊನ್ನೆ. ಆದರೆ ಜೊತೆಗಿದ್ದವರ ಊಟ, ಆಟೋ, ಡೈಪರ್, ಹೊರಗಿನ ಚೀಟಿಯ ಔಷಧಿ ಸೇರಿ ಹದಿನೈದು ಸಾವಿರ ಮೀರಿತು. ತಂಗಿಯ ಗಂಡನ ಎರಡು ತಿಂಗಳ ಕೂಲಿ ಹೋದದ್ದನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಇದರ ಎರಡರಷ್ಟನ್ನೂ ಮೀರುತ್ತದೆ. ಅವನು ಮೇಸ್ತ್ರಿಯ ಹತ್ತಿರ ಮುಂಗಡ ತಂದಿದ್ದಾನೆ, ಅದು ಇನ್ನೂ ತೀರಿಲ್ಲ. ಉಸಿರು ಮರೆಯುವ ಮಕ್ಕಳಿಗೆ ಕೊಡುವ ಕೆಫೀನ್ ಔಷಧಿ ಒಂದು ರಾತ್ರಿ ದಾಸ್ತಾನಿರಲಿಲ್ಲ. ಚೀಟಿ ಬರೆದುಕೊಟ್ಟರು, ಓಡಿಹೋಗಿ ತಂದೆವು. ಹೊರಗಿನ ಚೀಟಿ ಬಂದಾಗ ಮೊದಲು ಔಷಧಿ ತನ್ನಿ, ತಡಮಾಡಬೇಡಿ. ಬಿಲ್ಲು ಮತ್ತು ಚೀಟಿಯ ನಕಲನ್ನು ಇಟ್ಟುಕೊಂಡು ಬೆಳಿಗ್ಗೆ ಕೇಳಿ. ನಾವು ಕೇಳಿದ ಮೇಲೆ ಎರಡನೆಯ ಬಾಟಲಿ ಆಸ್ಪತ್ರೆಯಿಂದಲೇ ಬಂತು.

ಮಧ್ಯದಲ್ಲಿ ಮಗುವಿಗೆ ಸೋಂಕು ಏರಿತು. ವೆಂಟಿಲೇಟರ್ ಬೇಕಾಗಬಹುದು ಎಂದರು. ಆ ಸಂಜೆ ಪಡಸಾಲೆಯಲ್ಲಿ ಒಬ್ಬ ಬಂದು, ನಗರದ ಖಾಸಗಿ ಆಸ್ಪತ್ರೆಗೆ ಈಗಲೇ ಸಾಗಿಸುತ್ತೇನೆ, ವಾಹನ ಸಿದ್ಧವಿದೆ ಎಂದ. ದಿನಕ್ಕೆಷ್ಟು ಎಂದು ಕೇಳಿದರೆ ಹಾರಿಕೆಯ ಉತ್ತರ. ಇಂಥವರ ಹಿಂದೆ ಹೋಗಬೇಡಿ. ಮೇಲಿನ ಆಸ್ಪತ್ರೆ ಬೇಕೇಬೇಕಾದರೆ ಸರ್ಕಾರಿ ವೈದ್ಯರಿಂದ ಶಿಫಾರಸು ಪತ್ರ ಪಡೆದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ನೋಂದಾಯಿತವಾದ ಆಸ್ಪತ್ರೆಗೇ ಹೋಗಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿದೆ. ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಆಸ್ಪತ್ರೆಯಲ್ಲೇ ಕುಳಿತಿರುತ್ತಾರೆ, ಅವರನ್ನು ಹುಡುಕಿ ಕೇಳಿ. ನಮಗೆ ಇಲ್ಲೊಂದು ತೊಡಕು ಎದುರಾಯಿತು: ಮದುವೆಯಾದ ಮೇಲೆ ತಂಗಿಯ ಹೆಸರು ಗಂಡನ ಮನೆಯ ಪಡಿತರ ಚೀಟಿಗೆ ಸೇರಿರಲಿಲ್ಲ. ಕೊನೆಗೆ ಚಿಕ್ಕಪ್ಪನ ಕಾರ್ಡ್ ನಡೆಯುತ್ತದೆ ಎಂದರು, ಅದನ್ನು ಊರಿನಿಂದ ತರಿಸುವಷ್ಟರಲ್ಲಿ ಒಂದು ಹಗಲು ಹೋಯಿತು. ದೇವರ ದಯೆ, ವೈದ್ಯರ ದುಡಿಮೆ, ಮಗು ಅಲ್ಲೇ ಚೇತರಿಸಿಕೊಂಡಿತು. ತುಂಬಿದ ಬಸುರಿ ಮನೆಯಲ್ಲಿದ್ದರೆ ತಾಯಿ ಕಾರ್ಡ್, ಇಬ್ಬರ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಸ್ಕ್ಯಾನಿಂಗ್ ವರದಿ ಒಂದೇ ಚೀಲದಲ್ಲಿ ಇರಲಿ, ತಲಾ ಐದು ನಕಲುಗಳ ಜೊತೆ.

ನಮ್ಮ ಮಗುವಿನ ಪಕ್ಕದ ಪೆಟ್ಟಿಗೆಯಲ್ಲಿ ತಾಂಡಾದ ಹೆಣ್ಣುಮಗಳೊಬ್ಬಳ ಗಂಡು ಮಗುವಿತ್ತು. ತೂಕ ನಮ್ಮದಕ್ಕಿಂತ ನೂರು ಗ್ರಾಂ ಹೆಚ್ಚೇ. ತಾಂಡಾಕ್ಕೆ ಬರುವ ರಸ್ತೆ ಮಳೆಗೆ ಕಿತ್ತುಹೋಗಿ ಆಂಬುಲೆನ್ಸ್ ದೂರದಲ್ಲೇ ನಿಂತಿತ್ತಂತೆ. ಟಂಟಂನಲ್ಲಿ ಬರುತ್ತಿರುವಾಗ ದಾರಿಯಲ್ಲೇ ಹೆರಿಗೆಯಾಯಿತಂತೆ. ಉಸಿರಿನ ಇಂಜೆಕ್ಷನ್ ಇಲ್ಲ, ಬೆಚ್ಚಗಿಡುವವರಿಲ್ಲ. ಆದರೂ ಆ ಹುಡುಗ ಮೊದಲ ವಾರ ದಾಟಿದ, ಮೂಗಿನ ಯಂತ್ರವನ್ನೂ ತೆಗೆದರು. ಅವಳು ತಂಗಿಗಿಂತ ಚಿಕ್ಕವಳು, ಇದು ಮೂರನೆಯ ಹೆರಿಗೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಮುದುಕಿಯ ಹತ್ತಿರ ಬಿಟ್ಟು ಬಂದಿದ್ದಳು, ಗಂಡ ಪುಣೆಯ ಕಡೆ ದುಡಿಯಲು ಹೋಗಿದ್ದ. ಪಡಸಾಲೆಯಲ್ಲೇ ಮಲಗುತ್ತಿದ್ದಳು. ನಾವು ತರಿಸಿದ ರೊಟ್ಟಿಯಲ್ಲಿ ಅವಳೂ ಉಣ್ಣುತ್ತಿದ್ದಳು. ಒಂದು ದಿನ ಗಂಡ ಬಂದ. ದೊಡ್ಡ ಮಗುವಿಗೆ ಜ್ವರ, ಮುದುಕಿಯ ಕೈಲಾಗುತ್ತಿಲ್ಲ, ಕೈಯಲ್ಲಿ ದುಡ್ಡಿಲ್ಲ ಎಂದ. ವೈದ್ಯರು ಇನ್ನೂ ಎರಡು ವಾರವಾದರೂ ಬೇಕು ಎಂದರು, ಸಿಸ್ಟರ್ ಕೈಮುಗಿದರು. ಸ್ವಂತ ಜವಾಬ್ದಾರಿಯೆಂದು ಬರೆದುಕೊಟ್ಟು, ಹೆಬ್ಬೆಟ್ಟು ಒತ್ತಿ, ಕರೆದುಕೊಂಡು ಹೋದರು. ಕೆಲವು ದಿನಗಳ ನಂತರ ಅವಳ ಫೋನಿಗೆ ಕರೆ ಮಾಡಿದೆ. ಮಗು ರಾತ್ರಿ ಹಾಲು ಬಿಟ್ಟಿತು, ಬೆಳಗಾಗುವಷ್ಟರಲ್ಲಿ ಇರಲಿಲ್ಲ ಎಂದು ಅವಳ ಗಂಡ ಹೇಳಿದ.

ಅವರು ಮಗುವನ್ನು ಕೈಬಿಟ್ಟರು ಎಂದು ಪಡಸಾಲೆಯಲ್ಲಿ ಕೆಲವರು ಆಡಿಕೊಂಡರು. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ತಂಗಿಯ ಬೆನ್ನಿಗೆ ಅವ್ವ ಇದ್ದರು, ಚಿಕ್ಕಮ್ಮ ಇದ್ದರು, ಸಂಬಳದ ರಜೆ ಇರುವ ನಾನಿದ್ದೆ, ಎರವಲು ಕೊಡುವ ನೆಂಟರಿದ್ದರು. ಅವಳಿಗೆ ಇದ್ದದ್ದು ಒಬ್ಬ ಮುದುಕಿ. ಎರಡು ಮಕ್ಕಳಿಗೂ ಒಂದೇ ಯಂತ್ರ, ಒಂದೇ ಔಷಧಿ, ಅದೇ ವೈದ್ಯರು.

ಕಾಯುವ ಹೊತ್ತಿನಲ್ಲಿ ಅಂಕಿಅಂಶ ಓದುತ್ತಿದ್ದೆ. ಒಂದು ಸಾವಿರ ಮಕ್ಕಳು ಜೀವಂತ ಹುಟ್ಟಿದರೆ ಅದರಲ್ಲಿ ಎಷ್ಟು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ ಎಂಬುದೇ ಶಿಶು ಮರಣ ಪ್ರಮಾಣ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2020ರಲ್ಲಿ ದೇಶಕ್ಕೆ ಅದು 28. ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ದೇಶದ ಹಳ್ಳಿಗಳಲ್ಲಿ 31, ಪಟ್ಟಣಗಳಲ್ಲಿ 19. ಆ 28ರಲ್ಲಿ 20 ಸಾವು ಮೊದಲ ಇಪ್ಪತ್ತೆಂಟು ದಿನಗಳೊಳಗೆ, 15 ಮೊದಲ ವಾರದಲ್ಲೇ. ನಮ್ಮ ರಾಜ್ಯದ 19 ಎಂಬ ಸಂಖ್ಯೆಯೊಳಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಮಗುವೂ ಇದೆ, ನಮ್ಮ ಬಿಸಿಲು ಸೀಮೆಯ ತಾಂಡಾದ ಮಗುವೂ ಇದೆ. ನಂಜುಂಡಪ್ಪ ಸಮಿತಿ 2002ರಲ್ಲೇ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕು ತಾಲ್ಲೂಕಾಗಿ ಎಣಿಸಿ ಕೊಟ್ಟಿತು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯೂ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಆ ಶೇಕಡಾವಾರಿನಲ್ಲಿ ಒಬ್ಬಳು ನಮ್ಮ ಪಡಸಾಲೆಯಲ್ಲಿ ರೊಟ್ಟಿ ಉಂಡಿದ್ದಳು.

ಅವಳ ಗಂಡನಿಗೆ ಇನ್ನೊಂದು ಮಾತು ಹೇಳಿದೆ: ಸಾವನ್ನು ನೋಂದಾಯಿಸಿ. "ಹೆಸರೇ ಇಡದ ಕೂಸಿಗೆ ಕಾಗದ ಯಾಕೆ ಅಕ್ಕಾ?" ಎಂದು ಕೇಳಿದ. ಜನನವಿರಲಿ ಮರಣವಿರಲಿ, ಇಪ್ಪತ್ತೊಂದು ದಿನದೊಳಗೆ ಬರೆಸಬೇಕು. ಆಶಾಗೆ ತಿಳಿಸಿದರೆ ಶಿಶು ಮರಣದ ವಿಚಾರಣೆ ನಡೆಯುತ್ತದೆ, ರಸ್ತೆ ಕಿತ್ತುಹೋದದ್ದೂ ಆ ಕಾಗದದಲ್ಲಿ ಬರುತ್ತದೆ. ಬರೆಸದಿದ್ದರೆ ಆ ತಾಂಡಾದಲ್ಲಿ ಯಾವ ಮಗುವೂ ಸಾಯಲಿಲ್ಲ ಎಂದೇ ಲೆಕ್ಕ ಉಳಿಯುತ್ತದೆ. ಅವನು ಹೋಗಿ ಬರೆಸಿದ.

ಇತ್ತ ತಂಗಿ ದಿನದಲ್ಲಿ ಹತ್ತು ಗಂಟೆ ಮಗುವನ್ನು ಎದೆಗೆ ಕಟ್ಟಿಕೊಂಡು ಕೂರತೊಡಗಿದಳು. ಅವಳಿಗೆ ಬೆನ್ನು ನೋವು ಬಂದಾಗ ನಾನು ಕಟ್ಟಿಕೊಂಡೆ, ಅವಳ ಗಂಡನೂ ಕಟ್ಟಿಕೊಂಡ. ತಂದೆಯೂ ಮಾಡಬಹುದು, ನಾಚಿಕೆ ಬೇಡ. ನಳಿಕೆಯಿಂದ ಒಳಲೆಗೆ, ಒಳಲೆಯಿಂದ ಮೊಲೆಗೆ ಮಗು ಬಂತು. ಮೊದಲ ವಾರ ತೂಕ ಇಳಿದಾಗ ನಾವು ಕಂಗೆಟ್ಟಿದ್ದೆವು. ಎಲ್ಲ ಮಕ್ಕಳಿಗೂ ಇಳಿಯುತ್ತದಂತೆ. ಆಮೇಲೆ ದಿನಕ್ಕೆ ಹದಿನೈದು, ಇಪ್ಪತ್ತು ಗ್ರಾಂ ಏರತೊಡಗಿತು. ಬೆಳಗಿನ ತೂಕದ ಹೊತ್ತಿಗೆ ಪಡಸಾಲೆಯೆಲ್ಲ ಎದ್ದು ನಿಲ್ಲುತ್ತಿತ್ತು.

ಬಿಡುಗಡೆಯಾಗಿ, ತಾಯಿ ಮಗುವನ್ನು ಮನೆಗೆ ಬಿಟ್ಟುಬರುವ ಸರ್ಕಾರದ ನಗು-ಮಗು ವಾಹನದಲ್ಲಿ ಮನೆಗೆ ಬಂದ ಮೇಲೆ ಬಾಣಂತನದ ಜಗಳ. ಎಣ್ಣೆ ನೀರು, ಲೋಬಾನದ ಹೊಗೆ, ಜೇನು ನೆಕ್ಕಿಸುವುದು. ಎಲ್ಲಕ್ಕೂ ಬೇಡವೆಂದರೆ ಹಿರಿಯರು ಮುನಿಯುತ್ತಾರೆ. ಬಾಣಂತಿಗೆ ಅಂಟಿನ ಉಂಡೆ, ಬಿಸಿನೀರು ಎಲ್ಲ ಇರಲಿ. ಮಗುವಿಗೆ ಮಾತ್ರ ವೈದ್ಯರು ಹೇಳುವವರೆಗೆ ಸ್ನಾನವಿಲ್ಲ, ಹೊಗೆಯಿಲ್ಲ, ತಾಯಿ ಹಾಲು ಮತ್ತು ಬರೆದುಕೊಟ್ಟ ಹನಿ ಔಷಧಿ ಬಿಟ್ಟು ಬೇರೇನೂ ಇಲ್ಲ ಎಂದು ಒಪ್ಪಿಸಿದೆವು. ಅತ್ತೆಯೇ ಕಾವಲಿಗೆ ನಿಂತರು. ಬೆಚ್ಚಗಿಡುವುದು ಎಷ್ಟು ದೊಡ್ಡ ಮಾತು ಎನ್ನಲು 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಡೆದದ್ದನ್ನು ಅವರಿಗೆ ಹೇಳಿದೆ: ಸೂತಕವೆಂದು ಊರ ಹೊರಗಿನ ಗುಡಿಸಿಲಿನಲ್ಲಿ ಬಾಣಂತಿಯನ್ನು ಇರಿಸಿದ್ದರು, ಮಳೆ ಚಳಿಗೆ ಕೂಸು ತೀರಿಕೊಂಡಿತು. ಅತ್ತೆ ಮಾತಾಡದೆ ಎದ್ದು ಹೋಗಿ ಕಿಟಕಿಯ ಸಂದಿಗೆ ಬಟ್ಟೆ ತುರುಕಿದರು.

ಕಣ್ಣಿನ ತಪಾಸಣೆಯನ್ನು ಮರೆಯಬೇಡಿ. ಎರಡು ಕಿಲೋಗಿಂತ ಕಡಿಮೆ ಅಥವಾ ಮೂವತ್ತನಾಲ್ಕು ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳ ತಪ್ಪಾಗಿ ಬೆಳೆದು ದೃಷ್ಟಿ ಹೋಗಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುಟ್ಟಿದ ಮೂವತ್ತು ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮದಡಿ ಬೆಂಗಳೂರಿನ ನಾರಾಯಣ ನೇತ್ರಾಲಯದ ತಂಡಗಳು ಜಿಲ್ಲೆಗಳಿಗೇ ಕ್ಯಾಮೆರಾ ತಂದು ನೋಡುತ್ತಾ ಬಂದಿವೆ. ನಿಮ್ಮ ಜಿಲ್ಲೆಯಲ್ಲಿ ಯಾವ ವಾರ ಬರುತ್ತಾರೆಂದು ಬಿಡುಗಡೆಗೆ ಮುಂಚೆಯೇ ಕೇಳಿ ಬರೆದುಕೊಳ್ಳಿ. ನಮ್ಮ ಬಿಡುಗಡೆ ಚೀಟಿಯಲ್ಲಿ ಆ ದಿನಾಂಕದ ಜಾಗ ಖಾಲಿಯಿತ್ತು, ನಾವೇ ಕೇಳಿ ತುಂಬಿಸಿಕೊಂಡೆವು. ಕಿವಿಯ ಪರೀಕ್ಷೆಯನ್ನೂ ಅದೇ ಹೊತ್ತಿಗೆ ಕೇಳಿ.

ಹಣದ ವಿಷಯ ಇನ್ನೂ ಬಾಕಿ. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಬಿಪಿಎಲ್ ತಾಯಿಗೆ ಬರಬೇಕಾದ 700 ರೂಪಾಯಿ, ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಎರಡೂ ಬಂದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವಂತೆ. ಬಸುರಾದ ಕೂಡಲೇ ಮಾಡಿಸಿಕೊಳ್ಳಬೇಕಾದ ಕೆಲಸವಿದು. ಜನನ ಪ್ರಮಾಣಪತ್ರ ಆಸ್ಪತ್ರೆಯಲ್ಲೇ ಸಿಕ್ಕಿತು, ಹೆಸರಿಲ್ಲದೆ. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಆಶಾ ಕಾರ್ಯಕರ್ತೆ ನಲವತ್ತೆರಡು ದಿನದವರೆಗಿನ ಭೇಟಿಗಳನ್ನು ಮುಗಿಸಿದ್ದಾರೆ. ಮುಂದೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಿಗೆ ಬರಬೇಕು. ಬರದಿದ್ದರೆ ಕರೆ ಮಾಡಿ ಕರೆಸಿ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಎದೆಗೂಡು ಒಳಸೆಳೆದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಗೊಂದಲವಿದ್ದರೆ ಆರೋಗ್ಯ ಸಹಾಯವಾಣಿ 104ರಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ತಂಗಿಯ ಗಂಡ ಬೆಂಗಳೂರಿಗೆ ಮರಳಿದ್ದಾನೆ. ಈ ಸಲ ತಂಗಿ ಹೋಗಿಲ್ಲ, ಒಂದು ವರ್ಷ ತವರಿನಲ್ಲೇ ಇರಲಿ ಎಂದು ಎರಡೂ ಮನೆಯವರು ಕೂತು ತೀರ್ಮಾನಿಸಿದ್ದೇವೆ. ಅವಳ ಕೂಲಿಯ ಪಾಲನ್ನು ಚಿಕ್ಕಪ್ಪ ಮತ್ತು ನಾನು ಹಂಚಿಕೊಂಡಿದ್ದೇವೆ.